ತಾಳೆಗರಿಯಿಂದ ಅರ್ಥಶಾಸ್ತ್ರ ಹೊರತೆಗೆದ ಪಂಡಿತ: ರುದ್ರಪಟ್ಟಣದ ಶಾಮಶಾಸ್ತ್ರಿ

ಮಸ್ಕಿ: ಸಿಂಧನೂರಿನ ಭತ್ತದ ಗದ್ದೆಗಳನ್ನು ಹಿಂದೆ ಬಿಟ್ಟು ಲಿಂಗಸುಗೂರಿನತ್ತ ಸಾಗುವ ರಸ್ತೆಯಲ್ಲಿ ನಡುವೆ ಸಿಗುವ ಊರು ಮಸ್ಕಿ. ಊರಿಗೆ ಹೊಂದಿಕೊಂಡ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮಿ ಲಿಪಿಯ ಕೆಲವು ಸಾಲುಗಳಿವೆ. ನಿಜಾಮರ ಸಂಸ್ಥಾನದಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ 1915ರ ಜನವರಿಯಲ್ಲಿ ಅದನ್ನು ಕಂಡರು. ಓದಿ ಪ್ರಕಟಿಸಿದವರು ಮೈಸೂರು ಸಂಸ್ಥಾನದ ಹೊಸಕೋಟೆ ಮೂಲದ ಎಚ್. ಕೃಷ್ಣಶಾಸ್ತ್ರಿ. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದೇ ವರ್ಷ ಅದು ಅಚ್ಚಾಯಿತು.

ದೇವಾನಾಂಪ್ರಿಯ ಎಂಬ ಬಿರುದಿನ ಜತೆಗೆ ಅಶೋಕ ಎಂಬ ಹೆಸರೇ ಆ ಬಂಡೆಯಲ್ಲಿತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದಂದಿನಿಂದ, ಶಾಸನಗಳ ಪ್ರಿಯದರ್ಶಿ ರಾಜನು ಮೌರ್ಯ ಅಶೋಕನೇ ಎಂಬುದನ್ನು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ವಿದ್ವಾಂಸರು ನಂಬಿಕೊಂಡು ಬಂದಿದ್ದರು. ಮಸ್ಕಿಯ ಬಂಡೆ ಆ ನಂಬಿಕೆಗೆ ಸಾಕ್ಷಿ ನುಡಿಯಿತು.

ಅದೇ 1915ರಲ್ಲಿ ಬೆಂಗಳೂರಿನ ಸರ್ಕಾರಿ ಮುದ್ರಣಾಲಯದಿಂದ ಇನ್ನೊಂದು ಪುಸ್ತಕ ಹೊರಬಂತು. ಅಶೋಕನ ತಾತ ಚಂದ್ರಗುಪ್ತನ ಮಂತ್ರಿಯದೆಂದು ಪರಂಪರೆ ಹೇಳುವ, ಕೌಟಿಲ್ಯನ ಅರ್ಥಶಾಸ್ತ್ರದ ಪೂರ್ಣ ಇಂಗ್ಲಿಷ್ ಅನುವಾದ ಅದು. ಅನುವಾದಕರು ಡಾ. ಆರ್. ಶಾಮಶಾಸ್ತ್ರಿ. ಮಸ್ಕಿಯ ಬಂಡೆಗೂ ಈ ಶಾಸ್ತ್ರಿಗಳಿಗೂ ನೇರ ಸಂಬಂಧವೇನೂ ಇಲ್ಲ. ಆದರೂ ಹಟ್ಟಿ, ಮಸ್ಕಿ, ಲಿಂಗಸುಗೂರು ಸೀಮೆಯ ಚಿನ್ನದ ನೆಲದಲ್ಲಿ ನಿಂತು ಅವರ ಜೀವನವನ್ನು ನೆನೆಯಲು ಕಾರಣವಿದೆ. ಅದು ಮುಂದೆ ಬರುತ್ತದೆ.

ಪಾಠಶಾಲೆಯಿಂದ ಪುಸ್ತಕ ಭಂಡಾರಕ್ಕೆ

ಶಾಮಶಾಸ್ತ್ರಿಗಳು ಹುಟ್ಟಿದ್ದು 1868ರಲ್ಲಿ, ಕಾವೇರಿ ತೀರದ ರುದ್ರಪಟ್ಟಣದಲ್ಲಿ. ಇಂದು ಹಾಸನ ಜಿಲ್ಲೆಯ ಅರಕಲಗೂಡು ತಾಲೂಕಿಗೆ ಸೇರಿದ ಈ ಊರು ಸಂಗೀತ ವಿದ್ವಾಂಸರಿಂದಾಗಿ ನಾಡಿಗೆ ಪರಿಚಿತ. ಊರಿನಲ್ಲಿಯೇ ಮೊದಲ ಪಾಠ, ಆಮೇಲೆ ಮೈಸೂರಿನ ಸಂಸ್ಕೃತ ಪಾಠಶಾಲೆ, ವಿದ್ವತ್ ಪರೀಕ್ಷೆಯಲ್ಲಿ ಉನ್ನತ ದರ್ಜೆ. ಇಷ್ಟಕ್ಕೇ ನಿಂತಿದ್ದರೆ ಅವರು ಆ ಕಾಲದ ನೂರಾರು ವಿದ್ವಾಂಸರಂತೆ ಯಾವುದೋ ಪಾಠಶಾಲೆಯಲ್ಲಿ ವ್ಯಾಕರಣವನ್ನೋ ತರ್ಕವನ್ನೋ ಹೇಳಿಕೊಡುತ್ತ, ನವರಾತ್ರಿಯ ವಿದ್ವತ್ಸಭೆಯಲ್ಲಿ ಶಾಲು ಹೊದ್ದು ಬಾಳು ಮುಗಿಸುತ್ತಿದ್ದರೇನೋ. ಅದರ ಜತೆಗೆ ಅವರು ಇಂಗ್ಲಿಷ್ ಕಲಿತರು, ಮದರಾಸು ವಿಶ್ವವಿದ್ಯಾಲಯದ ಬಿ.ಎ. ಪದವಿ ಪಡೆದರು. ಮುಂದೆ ಯುರೋಪಿನ ವಿದ್ವಾಂಸರು ಬರೆದದ್ದನ್ನು ಮೂಲದಲ್ಲಿಯೇ ಓದಲು ಜರ್ಮನ್ ಮತ್ತು ಫ್ರೆಂಚ್ ಭಾಷೆಗಳನ್ನೂ ಅಭ್ಯಾಸ ಮಾಡಿದರು.

ಆ ದಿನಗಳಲ್ಲಿ ಎರಡು ಶಿಕ್ಷಣಗಳ ನಡುವೆ ದೊಡ್ಡ ಗೋಡೆಯೇ ಇತ್ತು. ಪಾಠಶಾಲೆಯ ವಿದ್ಯಾರ್ಥಿ ಗ್ರಂಥವನ್ನು ಕಂಠಪಾಠ ಮಾಡುತ್ತಿದ್ದ, ಅದರ ಒಂದೊಂದು ಪದಕ್ಕೂ ಅರ್ಥ ಬಲ್ಲವನಾಗಿದ್ದ, ವಾಕ್ಯಾರ್ಥದಲ್ಲಿ ಎದುರಾಳಿಯನ್ನು ನಿರುತ್ತರಗೊಳಿಸಬಲ್ಲವನಾಗಿದ್ದ. ಆ ಗ್ರಂಥ ಯಾವ ಶತಮಾನದ್ದು, ಎಷ್ಟು ಪ್ರತಿಗಳು ಉಳಿದಿವೆ, ಅವುಗಳ ಪಾಠ ಎಲ್ಲಿ ಭಿನ್ನವಾಗುತ್ತದೆ ಎಂಬ ಪ್ರಶ್ನೆಗಳು ಅವನ ಗುರುವಿಗೆ ಮುಖ್ಯವೆನಿಸಿರಲಿಲ್ಲ. ಕಾಲೇಜಿನಲ್ಲಿ ಕಲಿತವನಿಗೆ ಈ ಪ್ರಶ್ನೆಗಳೆಲ್ಲ ಗೊತ್ತಿದ್ದವು. ಆದರೆ ತಾಳೆಗರಿಯ ಒಂದು ಸಾಲನ್ನು ಪದಚ್ಛೇದ ಮಾಡಿ ಓದೆಂದರೆ ತಡವರಿಸುತ್ತಿದ್ದ. ಪಂಡಿತರು ಹೇಳಿಕೊಟ್ಟದ್ದನ್ನು ಬರೆದುಕೊಂಡು ದೊರೆಗಳು ತಮ್ಮ ಹೆಸರಿನಲ್ಲಿ ಪುಸ್ತಕ ಪ್ರಕಟಿಸುವುದೂ ಆಗ ಅಪರೂಪವಾಗಿರಲಿಲ್ಲ.

ಈ ಗೋಡೆಯಲ್ಲಿ ಬಾಗಿಲು ತೆರೆಯುವ ಅವಕಾಶ ಮೈಸೂರಿನಲ್ಲಿತ್ತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಸರ್ಕಾರ ಪ್ರಾಚ್ಯ ಪುಸ್ತಕ ಭಂಡಾರವನ್ನು ಸ್ಥಾಪಿಸಿತು. ಹಸ್ತಪ್ರತಿಗಳನ್ನು ಸಂಗ್ರಹಿಸಿ, ಪ್ರತಿ ಮಾಡಿಸಿ, ಶುದ್ಧ ಪಾಠವನ್ನು ಅಚ್ಚು ಹಾಕಿಸುವುದು ಅದರ ಕೆಲಸ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರನ್ನು ಇಂದು ನಾವು ಶಿವನಸಮುದ್ರದ ವಿದ್ಯುತ್ತಿಗಾಗಿ, ಬೆಂಗಳೂರಿನ ಉದ್ಯಾನಕ್ಕಾಗಿ ನೆನೆಯುತ್ತೇವೆ. ಶಾಮಶಾಸ್ತ್ರಿಗಳ ಸಂಸ್ಕೃತ ಪಾಂಡಿತ್ಯವನ್ನು ಗುರುತಿಸಿ ಅವರನ್ನು ಈ ಭಂಡಾರಕ್ಕೆ ತಂದವರೂ ಅವರೇ. ಹುದ್ದೆ ಗ್ರಂಥಪಾಲಕರದು. ಹೆಸರಿಗೆ ಸಣ್ಣದು. ಆದರೆ ತಿಂಗಳ ಸಂಬಳ, ಕುಳಿತು ಓದಲು ಜಾಗ, ಪಕ್ಕದಲ್ಲಿಯೇ ರಾಶಿ ರಾಶಿ ಗರಿಗಳು, ಅಚ್ಚು ಹಾಕಲು ಸರ್ಕಾರದ ಮುದ್ರಣಾಲಯ ಇವೆಲ್ಲ ಒಟ್ಟಿಗೆ ದೊರೆತದ್ದು ಆ ಹುದ್ದೆಯಿಂದ. ಎಷ್ಟು ವಿದ್ವಾಂಸರಿಗೆ ಇದು ದೊರೆಯದೆ ಹೋಯಿತೆಂಬುದನ್ನು ನೆನೆದರೆ ಆ ಸಣ್ಣ ನೇಮಕದ ಬೆಲೆ ತಿಳಿಯುತ್ತದೆ.

ತಂಜಾವೂರಿನಿಂದ ಬಂದ ಕಟ್ಟು

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಕೌಟಿಲ್ಯನ ಅರ್ಥಶಾಸ್ತ್ರವೆಂದರೆ ಹೆಸರಷ್ಟೇ. ದಂಡಿ ಅದನ್ನು ಪ್ರಸ್ತಾಪಿಸಿದ್ದ, ಬಾಣ ಅದನ್ನು ನಿಂದಿಸಿದ್ದ, ಕಾಮಂದಕ ತನ್ನ ನೀತಿಸಾರದಲ್ಲಿ ಅದಕ್ಕೆ ನಮಸ್ಕರಿಸಿದ್ದ. ಗ್ರಂಥ ಮಾತ್ರ ಯಾರ ಕೈಯಲ್ಲಿಯೂ ಇರಲಿಲ್ಲ. ಅದು ನಷ್ಟವಾಯಿತೆಂದೇ ಹೆಚ್ಚಿನವರು ತಿಳಿದಿದ್ದರು.

ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಭಂಡಾರಕ್ಕೆ ತಾಳೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಲಿಪಿ ಗ್ರಂಥ. ಜತೆಗೆ ಭಟ್ಟಸ್ವಾಮಿ ಎಂಬಾತ ಎರಡನೆಯ ಅಧಿಕರಣದ ಒಂದು ಭಾಗಕ್ಕೆ ಬರೆದ ವ್ಯಾಖ್ಯಾನದ ಸಣ್ಣ ಪ್ರತಿ. ಶಾಮಶಾಸ್ತ್ರಿಗಳು ಕಟ್ಟು ಬಿಚ್ಚಿ ಓದಿದಾಗ ಹದಿನೈದು ಅಧಿಕರಣಗಳು, ನೂರೈವತ್ತು ಅಧ್ಯಾಯಗಳು, ನೂರೆಂಬತ್ತು ಪ್ರಕರಣಗಳ ಬೃಹದ್ಗ್ರಂಥ ಎದುರಿಗಿತ್ತು.

ಓದುವುದೆಂದರೆ ಪುಸ್ತಕ ಓದಿದಂತಲ್ಲ. ಗರಿಯ ಮೇಲೆ ಪದಗಳ ನಡುವೆ ಅಂತರವಿರುವುದಿಲ್ಲ, ವಿರಾಮ ಚಿಹ್ನೆ ಇರುವುದಿಲ್ಲ. ಹುಳು ತಿಂದ ಕಡೆ, ಲಿಪಿಕಾರ ತಪ್ಪಿದ ಕಡೆ ಊಹೆಯೇ ಗತಿ. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಪಂಡಿತನಿಗೆ ವ್ಯಾಖ್ಯಾನ ಕೈಹಿಡಿಯುತ್ತದೆ. ಇಲ್ಲಿ ಒಂದು ಭಾಗವನ್ನು ಬಿಟ್ಟರೆ ಅದೂ ಇಲ್ಲ. ಇನ್ನು ವಿಷಯವೋ ತೆರಿಗೆ, ಸುಂಕ, ಸೈನ್ಯ, ಗೂಢಚಾರರು, ತೂಕ ಅಳತೆ, ಆನೆ ಕುದುರೆಗಳ ಆಹಾರ, ಹೆಂಡದ ಅಂಗಡಿ, ಗಣಿ, ಟಂಕಸಾಲೆ. ಕಾವ್ಯ ನಾಟಕಗಳಲ್ಲಿ ಕಾಣದ ಪಾರಿಭಾಷಿಕ ಪದಗಳು ಸಾಲು ಸಾಲಾಗಿ ಬರುತ್ತವೆ. ಅವುಗಳಿಗೆ ಕೋಶದಲ್ಲಿ ಅರ್ಥವಿಲ್ಲ, ಗುರುಮುಖದಿಂದ ಕೇಳಿದ ನೆನಪೂ ಇಲ್ಲ. ಸ್ಮೃತಿ, ಧರ್ಮಶಾಸ್ತ್ರ, ಜ್ಯೋತಿಷ ಹೀಗೆ ಹತ್ತಾರು ಕಡೆ ಅದೇ ಪದ ಹೇಗೆ ಬಳಕೆಯಾಗಿದೆಯೆಂದು ತೂಗಿ ನೋಡಿ ಅರ್ಥ ಕಟ್ಟಬೇಕು. ಪಾಠಶಾಲೆಯ ಕಂಠಪಾಠ ಇಲ್ಲಿ ಕೆಲಸಕ್ಕೆ ಬಂತು. ಹಾಗೆ ಕಟ್ಟಿದ ಅರ್ಥವನ್ನು ಆಧಾರ ಸಮೇತ ಜಗತ್ತಿನ ಮುಂದಿಡುವ ಕ್ರಮವನ್ನು ಅವರು ಕಾಲೇಜಿನಿಂದ, ಭಂಡಾರದಿಂದ ಕಲಿತಿದ್ದರು.

1905ರಿಂದ ಅನುವಾದದ ಭಾಗಗಳು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಬರಲಾರಂಭಿಸಿದವು. 1909ರಲ್ಲಿ ಮೂಲ ಸಂಸ್ಕೃತ ಪಠ್ಯ ಮೈಸೂರಿನಿಂದ ಅಚ್ಚಾಯಿತು. 1915ರಲ್ಲಿ ಪೂರ್ಣ ಅನುವಾದ. ಅದಕ್ಕೆ ಪ್ರವೇಶಿಕೆ ಬರೆದುಕೊಟ್ಟವರು ಕನ್ನಡ ಶಾಸನಗಳ ಓದುಗರಿಗೆ ಚಿರಪರಿಚಿತರಾದ ಜೆ.ಎಫ್. ಫ್ಲೀಟ್.

ಬಂಗಾಳದ ವಿಭಜನೆ, ಸ್ವದೇಶಿ ಚಳವಳಿಗಳ ಕಾಲವದು. ಭಾರತೀಯರಿಗೆ ವೇದಾಂತ ಗೊತ್ತು, ರಾಜ್ಯವಾಳುವ ಶಾಸ್ತ್ರ ಗೊತ್ತಿರಲಿಲ್ಲವೆಂಬ ಮಾತು ಆಳುವವರ ಬಾಯಲ್ಲಿ ಸಾಮಾನ್ಯವಾಗಿತ್ತು. ಮೈಸೂರಿನ ಗ್ರಂಥಪಾಲಕರೊಬ್ಬರು ಹೊರತೆಗೆದ ಪುಸ್ತಕ ಆ ವಾದದ ಬುಡವನ್ನೇ ಅಲುಗಾಡಿಸಿತು. ವಿನ್ಸೆಂಟ್ ಸ್ಮಿತ್ ತಮ್ಮ ಭಾರತ ಇತಿಹಾಸದ ಮರುಮುದ್ರಣದಲ್ಲಿ ಅದನ್ನು ಬಳಸಿಕೊಂಡರು. ಜರ್ಮನಿಯಲ್ಲಿ ಯಾಕೋಬಿ, ಯೋಲಿ ಮೊದಲಾದವರು ಪರ ವಿರೋಧವಾಗಿ ಲೇಖನ ಬರೆದರು. ಕೆ.ಪಿ. ಜಾಯಸ್ವಾಲ್ ಅವರ ಪ್ರಾಚೀನ ರಾಜ್ಯಪದ್ಧತಿಯ ಅಧ್ಯಯನ ಈ ಗ್ರಂಥವಿಲ್ಲದೆ ಆ ರೂಪ ಪಡೆಯುತ್ತಿರಲಿಲ್ಲ.

ಚಿನ್ನದ ನೆಲದ ಅಧ್ಯಾಯ

ಲಿಂಗಸುಗೂರು ಸೀಮೆಯ ಓದುಗರು ಅರ್ಥಶಾಸ್ತ್ರದ ಎರಡನೆಯ ಅಧಿಕರಣವನ್ನು ಒಮ್ಮೆ ತೆರೆದು ನೋಡಬೇಕು. ಗಣಿಗಳ ಅಧ್ಯಕ್ಷನಾದವನು ಏನೇನು ತಿಳಿದಿರಬೇಕೆಂಬುದನ್ನು ಅಲ್ಲಿ ವಿವರಿಸಲಾಗಿದೆ. ಲೋಹವಿದ್ಯೆ ಬಲ್ಲವನಾಗಿರಬೇಕು, ಬಲ್ಲವರನ್ನೂ ಉಪಕರಣಗಳನ್ನೂ ಜತೆಗಿಟ್ಟುಕೊಂಡಿರಬೇಕು. ಹಿಂದೆ ಗಣಿಯಿದ್ದ ಜಾಗವನ್ನು ಲೋಹದ ಕಿಟ್ಟ, ಮೂಸೆಯ ಚೂರು, ಇದ್ದಿಲು, ಬೂದಿ ಈ ಗುರುತುಗಳಿಂದ ಪತ್ತೆ ಮಾಡಬೇಕು. ಹೊಸ ಗಣಿಯನ್ನು ಮಣ್ಣು ಕಲ್ಲುಗಳ ಬಣ್ಣ, ತೂಕ, ವಾಸನೆಗಳಿಂದ ಗುರುತಿಸಬೇಕು. ಭಟ್ಟಸ್ವಾಮಿಯ ವ್ಯಾಖ್ಯಾನ ಉಳಿದುಬಂದದ್ದೂ ಅದೃಷ್ಟವಶಾತ್ ಇದೇ ಅಧಿಕರಣಕ್ಕೆ.

ಹಟ್ಟಿಯಲ್ಲಿ ಆಧುನಿಕ ಗಣಿಗಾರಿಕೆ ನಡೆದದ್ದು ಪ್ರಾಚೀನರು ತೋಡಿದ ಗುಂಡಿಗಳ ಜಾಡು ಹಿಡಿದೇ. ಅಲ್ಲಿ ನೂರಾರು ಅಡಿ ಆಳದ ಹಳೆಯ ಸುರಂಗಗಳಲ್ಲಿ ದೊರೆತ ಮರದ ತುಂಡುಗಳು ಸುಮಾರು 2000 ವರ್ಷ ಹಿಂದಿನವೆಂದು ಇಂಗಾಲ ಪರೀಕ್ಷೆಯಿಂದ ತಿಳಿದುಬಂದಿದೆ. ಬ್ರಹ್ಮಗಿರಿಯ ಅಶೋಕ ಶಾಸನದಲ್ಲಿ ಬರುವ ಸುವರ್ಣಗಿರಿ ಮಸ್ಕಿಯೇ ಎಂದು ಕೆಲವರು, ಕನಕಗಿರಿಯೆಂದು ಇನ್ನು ಕೆಲವರು ವಾದಿಸುತ್ತ ಬಂದಿದ್ದಾರೆ. ಯಾವ ಊರಾದರೂ ಇರಲಿ, ಮೌರ್ಯರನ್ನು ಇಷ್ಟು ದೂರ ಎಳೆತಂದ ಕಾರಣಗಳಲ್ಲಿ ಇಲ್ಲಿನ ಚಿನ್ನವೂ ಒಂದೆಂಬುದು ನಂಬತಕ್ಕ ಮಾತು. ಚಿನ್ನ ಅರಸಿ ಬಂದ ಎಂಜಿನಿಯರ್‌ಗೆ ಅಶೋಕನ ಹೆಸರು ಸಿಕ್ಕ ವರ್ಷದಲ್ಲಿಯೇ, ಹಳೆಯ ಗಣಿಯನ್ನು ಹುಡುಕುವ ವಿಧಾನ ಹೇಳುವ ಗ್ರಂಥ ಇಂಗ್ಲಿಷಿನಲ್ಲಿ ಲಭ್ಯವಾದದ್ದು ಕಾಕತಾಳೀಯ. ಆದರೆ ಎರಡನ್ನೂ ಓದಿಕೊಟ್ಟವರು ಮೈಸೂರು ಸಂಸ್ಥಾನದ ಇಬ್ಬರು ಶಾಸ್ತ್ರಿಗಳು. ಒಬ್ಬರು ಜರ್ಮನ್ ವಿದ್ವಾಂಸ ಹುಲ್ಟ್ಶ್ ಅವರ ಕೈಕೆಳಗೆ ಶಾಸನಶಾಸ್ತ್ರ ಕಲಿತು ಕೇಂದ್ರ ಸರ್ಕಾರದ ಶಾಸನ ತಜ್ಞರಾದರು. ಇನ್ನೊಬ್ಬರು ಸಂಸ್ಥಾನದ ಭಂಡಾರದಲ್ಲಿ ಬೆಳೆದರು. ಇಬ್ಬರಿಗೂ ಬಾಗಿಲು ತೆರೆದದ್ದು ಒಂದೊಂದು ಸಂಸ್ಥೆ.

ಬಿರುದುಗಳು, ಹುದ್ದೆಗಳು

ಅನುವಾದ ಹೊರಬಂದಾಗ ಶಾಸ್ತ್ರಿಗಳು ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದರು. 1918ರಲ್ಲಿ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ಕ್ಯುರೇಟರ್ ಆಗಿ ಮರಳಿದರು. 1922ರಲ್ಲಿ ಆರ್. ನರಸಿಂಹಾಚಾರ್ಯರ ನಂತರ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾದರು. ಪಾಠಶಾಲೆಯ ವಿದ್ವಾನ್ ಒಬ್ಬರು ಬಿ.ಎಲ್. ರೈಸ್ ಕುಳಿತಿದ್ದ ಕುರ್ಚಿಯಲ್ಲಿ ಕುಳಿತರು. 1929ರವರೆಗೆ ಆ ಹುದ್ದೆಯಲ್ಲಿದ್ದರು.

ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿ ಶಾಸ್ತ್ರಿಗಳ ಜೀವನದಲ್ಲಿ ಶೇಷಾದ್ರಿ ಅಯ್ಯರ್ ಅವರಷ್ಟೇ ಮುಖ್ಯರು. ಮುಖರ್ಜಿಯವರು ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ದೇಶದ ಮೂಲೆಮೂಲೆಯಿಂದ ವಿದ್ವಾಂಸರನ್ನು ಕರೆಸುತ್ತಿದ್ದರು. ಭಾರತೀಯ ರಾಜ್ಯಪದ್ಧತಿಯ ವಿಕಾಸ ಕುರಿತ ಶಾಸ್ತ್ರಿಗಳ ಉಪನ್ಯಾಸಗಳು 1920ರಲ್ಲಿ ಅಲ್ಲಿಂದಲೇ ಪುಸ್ತಕವಾದವು. ಮರುವರ್ಷ ಆ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. ಮೈಸೂರಿನ ಚಾಮುಂಡಿಪುರಂನಲ್ಲಿದ್ದ ತಮ್ಮ ಮನೆಗೆ ಶಾಸ್ತ್ರಿಗಳು ಆಶುತೋಷ ಎಂದೇ ಹೆಸರಿಟ್ಟರು. ಮುಂಬಯಿಯ ರಾಯಲ್ ಏಷ್ಯಾಟಿಕ್ ಸೊಸೈಟಿಯ ಶಾಖೆ ಕ್ಯಾಂಪ್‌ಬೆಲ್ ಸ್ಮಾರಕ ಚಿನ್ನದ ಪದಕ ಕೊಟ್ಟಿತು. ಮಹಾರಾಜರು ಅರ್ಥಶಾಸ್ತ್ರ ವಿಶಾರದ ಎಂದು ಗೌರವಿಸಿದರೆ, ಭಾರತ ಸರ್ಕಾರ ಮಹಾಮಹೋಪಾಧ್ಯಾಯ ಬಿರುದು ನೀಡಿತು.

ಮೈಸೂರಿನಲ್ಲಿ ಇಂದಿಗೂ ಚಾಲ್ತಿಯಲ್ಲಿರುವ ಕಥೆಯೊಂದಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಜರ್ಮನಿಗೆ ಹೋದಾಗ ಅಲ್ಲಿನ ವಿದ್ವಾಂಸರು ಮೈಸೂರನ್ನು ಶಾಮಶಾಸ್ತ್ರಿಗಳ ಊರೆಂದು ಗುರುತಿಸಿದರಂತೆ. ಹಿಂದಿರುಗಿದ ಮಹಾರಾಜರು ಶಾಸ್ತ್ರಿಗಳನ್ನು ಕರೆಸಿ, ಮೈಸೂರಿನಲ್ಲಿ ತಾವು ಅರಸರಾದರೂ ಜರ್ಮನಿಯಲ್ಲಿ ತಮ್ಮನ್ನು ಗುರುತಿಸಿದ್ದು ಅವರ ಹೆಸರಿನಿಂದಲೇ ಎಂದರಂತೆ. ನಡೆದದ್ದು ಅಕ್ಷರಶಃ ಹೀಗೆಯೋ, ಹೇಳುತ್ತ ಹೇಳುತ್ತ ಬೆಳೆದದ್ದೋ, ಕಥೆ ಮಾತ್ರ ಊರಿನ ಮನಸ್ಸನ್ನು ಚೆನ್ನಾಗಿ ಹೇಳುತ್ತದೆ.

ಬಿರುದುಗಳಿಗಿಂತ ಮುಖ್ಯವೆಂದು ಈ ವರದಿಗಾರನಿಗೆ ಅನಿಸುವುದು 1924-25ರಲ್ಲಿ ಮೂರು ಭಾಗಗಳಲ್ಲಿ ಹೊರಬಂದ ಅರ್ಥಶಾಸ್ತ್ರದ ಪದಸೂಚಿ. ಗ್ರಂಥದ ಯಾವ ಪದ ಎಲ್ಲೆಲ್ಲಿ ಬರುತ್ತದೆಂದು ಅಕಾರಾದಿಯಲ್ಲಿ ತೋರಿಸುವ ಈ ಕೆಲಸಕ್ಕೆ ಚಪ್ಪಾಳೆ ಸಿಗುವುದಿಲ್ಲ. ಗ್ರಂಥವನ್ನು ಕಂಠಸ್ಥ ಮಾಡಿಕೊಂಡ ಪಂಡಿತನಿಗೆ ಪದಸೂಚಿಯ ಅಗತ್ಯವೂ ಇಲ್ಲ. ಅದು ಬೇಕಾಗುವುದು ಕಂಠಪಾಠವಿಲ್ಲದ, ಎಲ್ಲೋ ದೂರದ ಊರಿನಲ್ಲಿ ಕುಳಿತ, ತಮ್ಮನ್ನು ಎಂದೂ ನೋಡದ ಸಂಶೋಧಕನಿಗೆ. ತಮ್ಮ ಅನುವಾದ ತಪ್ಪೆಂದು ತೋರಿಸಬಯಸುವವನಿಗೂ ಅದು ಆಯುಧವೇ. ತಿಳಿದೂ ತಿಳಿದೂ ಶಾಸ್ತ್ರಿಗಳು ಅದನ್ನು ಕೊಟ್ಟರು.

ತಪ್ಪು ತೋರಿಸುವವರು ಬಂದರು ಕೂಡ. ತಿರುವನಂತಪುರದಲ್ಲಿ ಇನ್ನೊಬ್ಬ ಸಾಂಪ್ರದಾಯಿಕ ವಿದ್ವಾಂಸ ಟಿ. ಗಣಪತಿ ಶಾಸ್ತ್ರಿ, ಭಾಸನದೆಂದು ಹೇಳಲಾದ ನಾಟಕಗಳನ್ನು ಬೆಳಕಿಗೆ ತಂದವರು, ತಮ್ಮದೇ ಸಂಸ್ಕೃತ ವ್ಯಾಖ್ಯಾನದೊಂದಿಗೆ ಅರ್ಥಶಾಸ್ತ್ರದ ಹೊಸ ಆವೃತ್ತಿ ತಂದರು. ಜರ್ಮನಿಯಲ್ಲಿ ಮೆಯರ್ 1926ರಲ್ಲಿ ಜರ್ಮನ್ ಅನುವಾದ ಮುಗಿಸಿದರು. 1960ರ ದಶಕದಲ್ಲಿ ಮುಂಬಯಿಯ ಆರ್.ಪಿ. ಕಾಂಗಲೆ ಹೆಚ್ಚು ಹಸ್ತಪ್ರತಿಗಳ ಆಧಾರದ ಮೇಲೆ ಪರಿಷ್ಕೃತ ಪಠ್ಯ ಸಿದ್ಧಪಡಿಸಿದ ಮೇಲೆ ಮೈಸೂರು ಆವೃತ್ತಿಯನ್ನು ಆಧಾರವಾಗಿ ಹಿಡಿಯುವವರು ಕಡಿಮೆಯಾದರು. ಶಾಸ್ತ್ರಿಗಳೂ ಸುಮ್ಮನೆ ಕೂತವರಲ್ಲ. 1919ರಲ್ಲಿ ಪಠ್ಯವನ್ನು ಪರಿಷ್ಕರಿಸಿದರು, ಅನುವಾದ ಅವರ ಜೀವಿತದಲ್ಲಿಯೇ 1929ರ ವೇಳೆಗೆ ಮೂರನೆಯ ಮುದ್ರಣ ಕಂಡಿತು.

ಗ್ರಂಥವಿಡೀ ಚಂದ್ರಗುಪ್ತನ ಮಂತ್ರಿಯದೇ ಎಂಬ ಅವರ ನಿಲುವನ್ನು ಇಂದು ಬಹುಪಾಲು ಸಂಶೋಧಕರು ಒಪ್ಪುವುದಿಲ್ಲ. ಹಲವು ಕೈಗಳ ಕೆಲಸ, ಈಗಿನ ರೂಪ ಮೌರ್ಯರ ಅನಂತರದ್ದು ಎಂಬುದು ಈಗಿನ ಒಲವು. ಪುರಾತತ್ವ ಇಲಾಖೆಯಲ್ಲಿದ್ದಾಗ ಗುಪ್ತ ಶಕೆಯ ಆರಂಭವನ್ನು ಕ್ರಿ.ಶ. 319ರ ಬದಲು ಶತಮಾನಕ್ಕೂ ಹೆಚ್ಚು ಹಿಂದಕ್ಕೆ ಒಯ್ಯಲು ಅವರು ಮಂಡಿಸಿದ ವಾದ ನಿಲ್ಲಲಿಲ್ಲ. ನಿವೃತ್ತಿಯ ಅನಂತರ ಅವರ ಗಮನ ವೇದಗಳಲ್ಲಿನ ಗ್ರಹಣ ಚಕ್ರದ ಕಡೆ ತಿರುಗಿತು. ವೇದಾಂಗ ಜ್ಯೋತಿಷವನ್ನು ಸಂಪಾದಿಸಿದ್ದು ಉಪಯುಕ್ತವಾಯಿತು. ಆದರೆ ವೇದ, ಬೈಬಲ್, ಕುರಾನ್‌ಗಳಲ್ಲೆಲ್ಲ ಗ್ರಹಣದ ಜಾಡು ಕಾಣುವ 1940ರ ಪುಸ್ತಕವನ್ನು ಮುಂದಿನವರು ಹೆಚ್ಚು ಬಳಸಿದಂತೆ ಕಾಣುವುದಿಲ್ಲ. ಹಸ್ತಪ್ರತಿ ಎದುರಿಗಿದ್ದಾಗ ಎಚ್ಚರದಿಂದಿದ್ದ ಬುದ್ಧಿ, ಅದು ಇಲ್ಲದಾಗ ಸ್ವಲ್ಪ ದೂರ ಹಾರಿತೆಂದೇ ಹೇಳಬೇಕಾಗುತ್ತದೆ.

ಕನ್ನಡಕ್ಕೆ ಅವರಿಂದಾದ ಉಪಕಾರ ನಮ್ಮ ಪಠ್ಯಪುಸ್ತಕಗಳಲ್ಲಿ ಬರುವುದು ಕಡಿಮೆ. ರುದ್ರಭಟ್ಟನ ಜಗನ್ನಾಥ ವಿಜಯ, ನಯಸೇನನ ಧರ್ಮಾಮೃತ, ಲಿಂಗಣ್ಣನ ಕೆಳದಿನೃಪ ವಿಜಯ, ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯ ಇವು ಮೈಸೂರಿನ ಮಾಲೆಯಲ್ಲಿ ಅಚ್ಚಾದದ್ದು ಅವರ ಸಂಪಾದನೆಯಲ್ಲಿ. ಕೆಳದಿ ಅರಸರ ಚರಿತ್ರೆ ಬರೆಯುವವರಿಗೆ ಇವುಗಳಲ್ಲಿ ಮೂರನೆಯದು ಇಂದಿಗೂ ಮೊದಲ ಆಕರ.

ಹೆಸರಿಲ್ಲದ ಪಂಡಿತರು

ಶಾಸ್ತ್ರಿಗಳ ಮುನ್ನುಡಿಯಲ್ಲಿ ಒಂದು ಸಂಗತಿ ಚುಚ್ಚುತ್ತದೆ. ತಾಳೆಗರಿ ತಂದುಕೊಟ್ಟವರನ್ನು ಅವರು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಎಂದಷ್ಟೇ ಕರೆದಿದ್ದಾರೆ. ಅರ್ಥಶಾಸ್ತ್ರವನ್ನು ತಲೆಮಾರುಗಳ ಕಾಲ ಹುಳುವಿನಿಂದ, ಬೆಂಕಿಯಿಂದ, ಮಳೆಯಿಂದ ಕಾಪಾಡಿದ ಮನೆಯ ಹೆಸರು ಆ ಪುಟದಲ್ಲಿಲ್ಲ. ಪಂಡಿತರ ಜ್ಞಾನ ಹೆಸರಿಲ್ಲದೆ ದೊರೆಗಳ ಪುಸ್ತಕ ಸೇರುತ್ತಿದ್ದ ಕಾಲದಲ್ಲಿ ಆ ಸರಪಳಿಯನ್ನು ಮುರಿದವರೇ ಇನ್ನೊಬ್ಬ ಪಂಡಿತರ ಹೆಸರನ್ನು ದಾಖಲಿಸದೆ ಬಿಟ್ಟರು. ಶಾಸ್ತ್ರಿಗಳು ದೊಡ್ಡವರೆಂಬ ಕಾರಣಕ್ಕೆ ಇದನ್ನು ಮುಚ್ಚಿಡಬೇಕಾಗಿಲ್ಲ. ಭಂಡಾರದಲ್ಲಿ ಗರಿಗಳನ್ನು ನಾಗರಿಗೆ, ಕನ್ನಡಕ್ಕೆ ಇಳಿಸುತ್ತಿದ್ದ ಲಿಪಿಕಾರರ ಕಥೆಯೂ ಇದೇ.

ಶಾಮಶಾಸ್ತ್ರಿಗಳು 1944ರಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು, ಆಗಲೇ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದ ಆ ಹಳೆಯ ಭಂಡಾರದ ಹೆಸರು ಬದಲಾಗಿ ಪ್ರಾಚ್ಯವಿದ್ಯಾ ಸಂಶೋಧನಾಲಯವಾಗಿತ್ತು. ತಂಜಾವೂರಿನಿಂದ ಬಂದ ಕಟ್ಟು ಇಂದಿಗೂ ಅಲ್ಲಿಯೇ ಇದೆ.